ಹಿತ್ತಾಳೆ ಒಲೆಯನ್ನು ಗುಜರಿಗೆ ಹಾಕುವ ಮುನ್ನ

ದೀಪಾವಳಿಗೆ ಮುನ್ನ ಅಟ್ಟವನ್ನು ಶುಚಿಗೊಳಿಸುವ ರೂಢಿ ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೂ ಉಳಿದಿದೆ. ಹಳೆಯ ಗೋಣಿಚೀಲ, ಮುರಿದ ಬುಟ್ಟಿ, ತುಕ್ಕು ಹಿಡಿದ ಲಾಟೀನುಗಳ ನಡುವೆ ಮೂರು ಕಾಲಿನ ಹಿತ್ತಾಳೆಯ ಪಂಪ್ ಸ್ಟೋವ್ ಒಂದು ಅನೇಕ ಮನೆಗಳಲ್ಲಿ ಸಿಗುತ್ತದೆ. ಮನೆಯ ಹಿರಿಯರು ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಮರುವಾರ ಅದು ಗುಜರಿಯವನ ತಕ್ಕಡಿಯನ್ನು ಏರುತ್ತದೆ. ಹಿತ್ತಾಳೆಗೆ ಕಬ್ಬಿಣಕ್ಕಿಂತ ಹೆಚ್ಚು ಬೆಲೆ ಇರುವುದರಿಂದ ಯಾರಿಗೂ ನಷ್ಟವಾಯಿತೆಂದು ಅನ್ನಿಸುವುದಿಲ್ಲ. ಈ ವ್ಯವಹಾರದ ಬಗ್ಗೆ ನನಗೆ ಒಂದು ತಕರಾರಿದೆ. ಅದನ್ನು ಹೇಳುವುದಕ್ಕಾಗಿ ಓದುಗರನ್ನು ಘಟ್ಟದಿಂದ ಸ್ವಲ್ಪ ಹೊರಗೆ, ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ ಕರೆದೊಯ್ಯಬೇಕಾಗಿದೆ.

ಸವಾಯಿ ಗಂಧರ್ವ ಕಲಾಮಂದಿರವಿರುವ ಆ ಬಡಾವಣೆಯಲ್ಲಿ ನನಗೆ ಪರಿಚಿತವಾದ ಒಂದು ಮನೆಯಿದೆ. ಮನೆಯ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಹಿತ್ತಲಿನ ಪಡಸಾಲೆಯಲ್ಲಿ ಅವರು ಹಲಗೆಗಳನ್ನು ಹೊಡೆದು ಮೂವತ್ತಕ್ಕೂ ಹೆಚ್ಚು ಒಲೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಅವೆಲ್ಲವೂ ಇಂದು ಅಂಗಡಿಯಲ್ಲಿ ದೊರೆಯದ, ತಯಾರಿಕೆ ನಿಂತುಹೋದ ಮಾದರಿಗಳು. ಕೆಲವು ಕಂಚಗಾರ ಗಲ್ಲಿಯ ಹಳೆಯ ಪಾತ್ರೆಗಳ ರಾಶಿಯಿಂದ ಬಂದವು, ಕೆಲವು ಗುಜರಿಯವರಿಂದ ತೂಕದ ಲೆಕ್ಕದಲ್ಲಿ ಕೊಂಡವು, ಕೆಲವನ್ನು ನೆಂಟರು ಮನೆ ಖಾಲಿ ಮಾಡುವಾಗ ತಂದು ಒಪ್ಪಿಸಿ ಹೋದರು. ಮಡಚಿದರೆ ತಗಡಿನ ಡಬ್ಬಿಯೊಳಗೆ ಅಡಗಿ ಕೂರುವ ಪ್ರವಾಸದ ಒಲೆಗಳೂ ಅಲ್ಲಿವೆ. ಅವುಗಳ ಜೊತೆಗೆ 1955ರಲ್ಲಿ ಸ್ವೀಡನ್ನಿನಲ್ಲಿ ಮೊದಲು ಹೊರಬಂದ ಸ್ವಿಯಾ 123 ಎಂಬ ಪುಟ್ಟ ಪೆಟ್ರೋಲ್ ಒಲೆಯೂ ಇದೆ. ತೂಕ ಸುಮಾರು ಅರ್ಧ ಕಿಲೋ. ಅದಕ್ಕೆ ಪಂಪೇ ಇಲ್ಲ; ತನ್ನ ಉರಿಯ ಶಾಖದಿಂದಲೇ ಟ್ಯಾಂಕಿಯಲ್ಲಿ ಒತ್ತಡವನ್ನು ಉಂಟುಮಾಡಿಕೊಳ್ಳುತ್ತದೆ.

ಈ ವಂಶದ ಮೂಲಪುರುಷ 1892ರಲ್ಲಿ ಸ್ಟಾಕ್‌ಹೋಮಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಎಂಬಾತ ರೂಪಿಸಿದ ಪ್ರೈಮಸ್ ಒಲೆ. 1911ರಲ್ಲಿ ದಕ್ಷಿಣ ಧ್ರುವವನ್ನು ತಲುಪಿದ ಅಮುಂಡ್ಸೆನ್‌ನ ತಂಡ ಹಿಮ ಕರಗಿಸಿದ್ದು ಇದರ ಮೇಲೆ. 1953ರ ಎವರೆಸ್ಟ್ ಆರೋಹಣದಲ್ಲಿಯೂ ಪ್ರೈಮಸ್ ಇತ್ತು. ನಮ್ಮ ನಾಡಿನಲ್ಲಿ ಅದು ಧ್ರುವಕ್ಕೂ ಹೋಗಲಿಲ್ಲ, ಶಿಖರಕ್ಕೂ ಏರಲಿಲ್ಲ. ಚಹಾದಂಗಡಿಗೆ, ವಿದ್ಯಾರ್ಥಿಗಳ ಬಾಡಿಗೆ ಕೋಣೆಗೆ, ಜಾತ್ರೆಗೆ ಹೊರಟ ಗಾಡಿಗೆ, ವರ್ಗಾವಣೆಯಾಗಿ ಊರೂರು ಅಲೆಯುವ ಮಾಸ್ತರರ ಟ್ರಂಕಿಗೆ ಹೋಯಿತು. ಕಟ್ಟಿಗೆ ಒಲೆಯನ್ನು ಹೊತ್ತೊಯ್ಯಲಾಗದ ಎಲ್ಲ ಕಡೆಗೂ ಅದು ಹೋಗಿದೆ.

ಅದರ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈಗಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಅದನ್ನು ಹೊತ್ತಿಸಿ ನೋಡಿದವರಲ್ಲ. ಟ್ಯಾಂಕಿಗೆ ಮುಕ್ಕಾಲು ಭಾಗ ಮಾತ್ರ ಸೀಮೆಎಣ್ಣೆ ತುಂಬಬೇಕು. ಉಳಿದ ಕಾಲು ಭಾಗ ಗಾಳಿಗೆ. ಹುಬ್ಬಳ್ಳಿಯವರು ಇದನ್ನೇ ಚಿಮಣಿ ಎಣ್ಣಿ ಎನ್ನುತ್ತಾರೆ. ಬರ್ನರಿನ ಕೆಳಗಿರುವ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಸುರಿದು ಹೊತ್ತಿಸಿದರೆ ಬರ್ನರಿನ ಬಾಗುಕೊಳವೆಗಳು ಕಾಯುತ್ತವೆ. ಅನಂತರ ಪಂಪು ಒತ್ತಿದಾಗ ಮೇಲೇರಿದ ಎಣ್ಣೆ ಆ ಕಾದ ಕೊಳವೆಯಲ್ಲಿ ಆವಿಯಾಗಿ, ನಿಪ್ಪಲಿನ ಸೂಕ್ಷ್ಮ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಆ ರಂಧ್ರದ ಅಗಲ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಅದರಲ್ಲಿ ಮಸಿ ಕಟ್ಟಿದರೆ ಒಲೆ ಕೆಮ್ಮುತ್ತದೆ, ಹಳದಿಯಾಗಿ ಹೊಗೆಯುಗುಳುತ್ತದೆ. ಅದಕ್ಕೆಂದೇ ಸ್ಟೋವ್ ಪಿನ್ನು ಇತ್ತು. ತಗಡಿನ ಪಟ್ಟಿಯ ತುದಿಯಲ್ಲಿ ಕೂದಲೆಳೆಯಂಥ ತಂತಿ. ಬೆಂಕಿಪೊಟ್ಟಣ ದೊರೆಯುವ ಅಂಗಡಿಯಲ್ಲೆಲ್ಲ ಅದೂ ದೊರೆಯುತ್ತಿತ್ತು.

ಇಂತಹ ಒಲೆಯಲ್ಲಿ ಕೆಡುವ ವಸ್ತುಗಳು ಬಹಳ ಕಡಿಮೆ. ಪಂಪಿನ ಕಡ್ಡಿಯ ತುದಿಯಲ್ಲಿರುವ ಬಟ್ಟಲಿನಾಕಾರದ ಚರ್ಮದ ವಾಷರ್ ಒಣಗಿ ಮುದುಡುತ್ತದೆ. ಆಗ ಎಷ್ಟು ಒತ್ತಿದರೂ ಗಾಳಿ ಹೋಗುವುದಿಲ್ಲ. ಬರ್ನರ್ ಮತ್ತು ಟ್ಯಾಂಕಿಯ ನಡುವಿನ ಸೀಸದ ವಾಷರ್ ನುಗ್ಗಾಗುತ್ತದೆ. ಆಗ ಆ ಸಂದಿಯಲ್ಲಿ ಎಣ್ಣೆ ಒಸರಿ ಬೇಡವಾದ ಕಡೆ ಉರಿ ಕಾಣಿಸಿಕೊಳ್ಳುತ್ತದೆ. ಪಂಪಿನ ತಳದಲ್ಲಿ ಗಾಳಿಯನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ಚಿಕ್ಕ ವಾಲ್ವ್ ಇದೆ. ಅದರೊಳಗಿನ ಬಿರಡೆಯ ತುಣುಕು ಸವೆದರೆ ಎಣ್ಣೆ ಪಂಪಿನೊಳಕ್ಕೆ ಹಿಮ್ಮೆಟ್ಟಿ ಬರುತ್ತದೆ. ಕಾಕಾ ಈ ಮೂರನ್ನೂ ತಾವೇ ಮಾಡಿಕೊಳ್ಳುತ್ತಾರೆ. ವಾಷರಿಗೆ ಹಳೆಯ ಚರ್ಮದ ಚೀಲವನ್ನು ವೃತ್ತಾಕಾರವಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ಅಚ್ಚಿನ ಮೇಲೆ ಒತ್ತಿ, ಒಣಗಿದ ಮೇಲೆ ಹರಳೆಣ್ಣೆ ಕುಡಿಸುತ್ತಾರೆ. ಕೊಬ್ಬರಿ ಎಣ್ಣೆ ಬೇಡವೆನ್ನುತ್ತಾರೆ, ಚಳಿಗೆ ಅದು ಹೆಪ್ಪುಗಟ್ಟುತ್ತದೆ. ದುರಸ್ತಿಯ ನಂತರ ಬೆಂಕಿ ಸೋಕಿಸುವ ಮೊದಲು ಖಾಲಿ ಟ್ಯಾಂಕಿಗೆ ನಾಲ್ಕಾರು ಬಾರಿ ಗಾಳಿ ಒತ್ತಿ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದೇ ಎಂದು ಕಾಯುತ್ತಾರೆ. ಗುಳ್ಳೆ ಎದ್ದ ಒಲೆಗೆ ಆ ದಿನ ಬೆಂಕಿಯಿಲ್ಲ.

ಆ ಪಡಸಾಲೆಯಲ್ಲಿ ಮೊದಲ ಬಾರಿಗೆ ಕುಳಿತಾಗ ನನಗೆ ನೆನಪಾದದ್ದು ಅಡುಗೆಮನೆಯಲ್ಲ, ಅಡಕೆ ತೋಟ. ಕಾಕಾ ಕೈಯಲ್ಲಿ ಹಿಡಿದಿದ್ದ ಆ ಚರ್ಮದ ಬಟ್ಟಲು, ಆ ವಾಲ್ವ್, ಆ ಹಿತ್ತಾಳೆಯ ಕೊಳವೆ, ಇವೆಲ್ಲವನ್ನೂ ನಾನು ಔಷಧಿ ಹೊಡೆಯುವ ಹಳೆಯ ಕೈಪಂಪುಗಳಲ್ಲಿ ನೂರು ಬಾರಿ ನೋಡಿದ್ದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ಶಿಲೀಂಧ್ರವನ್ನು ವಿವರಿಸಿದ ಮೇಲೆ ಬೋರ್ಡೋ ದ್ರಾವಣ ನಮ್ಮ ಕಣಿವೆಗಳಿಗೆ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಆದುದರಿಂದ ಸಿಂಪಡಣೆಯ ಪಂಪು ಹಿತ್ತಾಳೆಯದೇ ಆಗಬೇಕಿತ್ತು. ಒಲೆಯ ಪಂಪು ಗಾಳಿ ಒತ್ತುತ್ತದೆ, ತೋಟದ ಪಂಪು ದ್ರಾವಣವನ್ನು ಒತ್ತುತ್ತದೆ. ಒಂದನ್ನು ಬಿಚ್ಚಿ ಕಟ್ಟಬಲ್ಲವನು ಇನ್ನೊಂದನ್ನೂ ಬಿಚ್ಚಿ ಕಟ್ಟಬಲ್ಲ. ಪೇಟೆಯ ಒಂದೇ ದುರಸ್ತಿಗಾರನ ಮುಂದೆ ಮಳೆಗಾಲದ ಮೊದಲು ತೋಟದ ಪಂಪುಗಳು, ಉಳಿದ ಕಾಲದಲ್ಲಿ ಸ್ಟೋವುಗಳು, ಮದುವೆ ಮತ್ತು ಬಯಲಾಟದ ದಿನಗಳಲ್ಲಿ ಪೆಟ್ರೊಮ್ಯಾಕ್ಸ್ ದೀಪಗಳು ಸಾಲುಗಟ್ಟಿರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಮೂರೂ ಒಂದೇ ವಿದ್ಯೆಯ ಮೇಲೆ ಬದುಕಿದ್ದವು. ಸ್ಟೋವು ಹೋಯಿತು, ದೀಪ ಹೋಯಿತು. ಕೇವಲ ತೋಟದ ಪಂಪಿನಿಂದ ವರ್ಷದ ಹನ್ನೆರಡು ತಿಂಗಳೂ ಆತನ ಹೊಟ್ಟೆ ತುಂಬಲಿಲ್ಲ. ಆತನೂ ಅಂಗಡಿ ಮುಚ್ಚಿದ. ಇಂದು ಪ್ಲಾಸ್ಟಿಕ್ಕಿನ ಸಿಂಪಡಣಾ ಯಂತ್ರದ ಒಂದು ವಾಲ್ವ್ ಕೆಟ್ಟರೆ ಇಡೀ ಯಂತ್ರವೇ ತೋಟದ ಮೂಲೆ ಸೇರುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಒಂದು ವಾರ ತಡವಾದರೆ ಏನಾಗುತ್ತದೆಂಬುದನ್ನು ನಮ್ಮ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಹಳೆಯ ಒಲೆಗಳ ಸಂಗ್ರಹವನ್ನು ನಿರುದ್ಯೋಗಿಗಳ ಹವ್ಯಾಸವೆಂದು ತಳ್ಳಿಹಾಕಲು ನಾನು ಒಪ್ಪದಿರುವುದು ಈ ಕಾರಣಕ್ಕೆ. ಕೆಲವರು ಇವುಗಳ ಟ್ಯಾಂಕಿಗೆ ತೂತು ಕೊರೆದು, ತಂತಿ ಎಳೆದು, ಮೇಲೊಂದು ಬುರುಡೆ ಸಿಕ್ಕಿಸಿ ಮೇಜಿನ ದೀಪ ಮಾಡುತ್ತಾರೆ. ಅದು ನನಗೆ ಗುಜರಿಗಿಂತಲೂ ಕನಿಷ್ಠವಾಗಿ ಕಾಣುತ್ತದೆ. ಗುಜರಿಗೆ ಹೋದ ಹಿತ್ತಾಳೆ ಕರಗಿ ಗಂಟೆಯಾದರೂ ಆದೀತು.

ಮನೆಯಲ್ಲಿ ಒಲೆಯನ್ನು ಉಳಿಸಿಕೊಳ್ಳಬಯಸುವ ಹಳ್ಳಿಯ ಓದುಗರಿಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದಯವಿಟ್ಟು ಅದನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಡಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಹೊರತೆಗೆದಾಗ ಅವುಗಳ ಹಿತ್ತಾಳೆಯ ಕವಚ ತಾನಾಗಿಯೇ ಬಿರುಕು ಬಿಟ್ಟಿರುತ್ತಿತ್ತು. ಋತುವಿನ ದೋಷವೆಂದು ಬಹುಕಾಲ ನಂಬಿದ್ದ ಈ ಬಿರುಕಿಗೆ ಕಾರಣ ಕುದುರೆಯ ಮೂತ್ರದಿಂದೇಳುವ ಅಮೋನಿಯ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ತಗಡನ್ನು ತಣ್ಣಗಿರುವಾಗಲೇ ಎಳೆದು ಆಕಾರ ಕೊಟ್ಟ ಹಿತ್ತಾಳೆಯಲ್ಲಿ ಒಂದು ಒಳಬಿಗಿತ ಉಳಿದಿರುತ್ತದೆ. ತೇವ ಮತ್ತು ಅಮೋನಿಯ ಸೇರಿದಾಗ ಅದು ಬಿರುಕಾಗಿ ಬಾಯಿ ಬಿಡುತ್ತದೆ. ದನದ ಕೊಟ್ಟಿಗೆಯ ಮೇಲೆ ಐದು ತಿಂಗಳ ಮಳೆಗಾಲ ಕಳೆದ ಟ್ಯಾಂಕಿ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಹೇಗಿದೆಯೆಂದು ಕಣ್ಣಿನಿಂದ ಹೇಳಲಾಗದು. ಹುಣಸೆಹಣ್ಣಿನಿಂದ ತಿಕ್ಕಿ ಥಳಥಳಿಸಿದ ಮಾತ್ರಕ್ಕೆ ಅದನ್ನು ನಂಬಬಾರದು. ಅಂತಹ ಒಲೆಯನ್ನು ನೋಡುವುದಕ್ಕೆ ಇಟ್ಟುಕೊಳ್ಳಿ, ಹೊತ್ತಿಸಬೇಡಿ.

ಕಾಕಾ ತಮ್ಮ ಒಲೆಗಳನ್ನು ಮನೆಯೊಳಗೆ ಎಂದೂ ಹೊತ್ತಿಸುವುದಿಲ್ಲ, ಮೇಲೆ ತಾರಸಿಗೆ ಒಯ್ಯುತ್ತಾರೆ. ಸುರಕ್ಷತೆಗಾಗಿ ಇರಬೇಕೆಂದು ನಾನು ಭಾವಿಸಿದ್ದೆ. ಒಮ್ಮೆ ಕೇಳಿದಾಗ ಅವರು ಉತ್ತರಿಸದೆ ಕಾಕುವಿನ ಕಡೆಗೆ ನೋಡಿದರು. ಕಾಕು ಹೇಳಿದ್ದಿಷ್ಟು: “ನಾನs ಬ್ಯಾಡ ಅಂದೇನ್ರಿ. ಆ ಭರ್ರ್ ಅನ್ನೂ ಸಪ್ಪಳ ಕೇಳಿದ್ರ ನಮ್ಮ ಹಳೇ ಓಣ್ಯಾಗಿನ ಆ ಹುಡಿಗಿ ನೆನಪಾಗ್ತಾಳ. ಸ್ಟೋ ಸಿಡೀತು ಅಂತ ಬರಸಿದ್ರು. ಸಿಡದಿದ್ದ ಸ್ಟೋ ಯಾರೂ ನೋಡಲಿಲ್ಲ.”

1980 ಮತ್ತು 90ರ ದಶಕಗಳಲ್ಲಿ ಪತ್ರಿಕೆ ಓದಿದವರಿಗೆ ಈ ವಾಕ್ಯದ ಅರ್ಥ ಹೇಳಬೇಕಾಗಿಲ್ಲ. ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಎರಡು ಸಾಲಿನ ಸುದ್ದಿ ಒಳಪುಟದಲ್ಲಿ ಪದೇಪದೇ ಬರುತ್ತಿತ್ತು. ವರದಕ್ಷಿಣೆಯ ಹಿಂಸೆಗಾಗಿ 1983ರಲ್ಲಿ ದಂಡ ಸಂಹಿತೆಗೆ 498ಎ, 1986ರಲ್ಲಿ ವರದಕ್ಷಿಣೆ ಸಾವಿಗಾಗಿ 304ಬಿ ಕಲಮುಗಳು ಸೇರಿದವು. ಇಂದು ಅವೇ ನಿಯಮಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೊಳಗಿವೆ. ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆ 1990ರ ದಶಕದಲ್ಲಿ ಇಂತಹ ಸಾವುಗಳ ಬೆನ್ನು ಹತ್ತಿ, ಅಪಘಾತವೆಂದು ಮುಚ್ಚಿಹಾಕಿದ ಪ್ರಕರಣಗಳನ್ನು ಪ್ರಶ್ನಿಸಿತು. ಒಲೆಯ ರಚನೆ ಬಲ್ಲವನಾಗಿ ಕಾಕಾ ಹೇಳುವುದೂ ಇದನ್ನೇ. ಸರಿಯಾದ ಎಣ್ಣೆಯಿಂದ ಉರಿಯುವ, ವಾಷರ್ ಗಟ್ಟಿಯಿರುವ ಪಂಪ್ ಸ್ಟೋವಿನ ದಪ್ಪ ಟ್ಯಾಂಕಿ ಬಾಂಬಿನಂತೆ ಸಿಡಿಯುವುದು ಸುಲಭವಲ್ಲ. ಆಗುತ್ತಿದ್ದ ನಿಜವಾದ ಅಪಘಾತಗಳ ರೂಪವೇ ಬೇರೆ: ಉರಿಯುತ್ತಿರುವಾಗ ಎಣ್ಣೆ ಸುರಿಯುವುದು, ಸೋರುವ ಸಂದಿಗೆ ಬೆಂಕಿ ತಗಲುವುದು, ಸರಿಯಾಗಿ ಕಾಯಿಸದೆ ಪಂಪು ಒತ್ತಿದಾಗ ದ್ರವರೂಪದ ಎಣ್ಣೆಯೇ ಚಿಮ್ಮಿ ಸೆರಗಿಗೆ ಉರಿ ಹತ್ತುವುದು. ಎಲ್ಲಕ್ಕಿಂತ ಘೋರವಾದುದು ಸೀಮೆಎಣ್ಣೆಗೆ ಪೆಟ್ರೋಲ್ ಬೆರೆಯುವುದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಪೆಟ್ರೋಲಿನಿಂದ ಹೊತ್ತಿಕೊಳ್ಳಬಲ್ಲ ಆವಿ ಏಳುತ್ತಿರುತ್ತದೆ. ಆದರೆ ಇವೆಲ್ಲವೂ ಒಲೆಯ ಮೇಲೆ ಗುರುತು ಉಳಿಸುತ್ತವೆ. ಪರೀಕ್ಷಿಸಬಲ್ಲವನು ನೋಡಿದರೆ ತಿಳಿಯುತ್ತದೆ. ನೋಡಬೇಕೆಂಬ ಇಚ್ಛೆ ಎಷ್ಟು ಮಂದಿಗೆ ಇತ್ತು ಎಂಬುದೇ ಕಾಕುವಿನ ಪ್ರಶ್ನೆ.

ಹಳೆಯ ವಸ್ತುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟು ಬರೆಯುತ್ತಾರೆ. ಅಜ್ಜಿಯ ಕಾಲದ ಒಲೆ, ಅದರ ಚಂದದ ಸದ್ದು, ಅದರ ಮೇಲಿನ ಚಹಾದ ರುಚಿ. ಸಂಗ್ರಹವೆಂದರೆ ಇವಿಷ್ಟೇ ಆದರೆ ಅದರಲ್ಲಿ ಅರ್ಧ ಸುಳ್ಳಿದೆ ಎಂದೇ ನನ್ನ ಅಭಿಪ್ರಾಯ. ಒಲೆಯ ಮುಂದೆ ಕುಳಿತವರು ಯಾರು, ಅದರ ಹೊಗೆ ಕುಡಿದವರು ಯಾರು ಎಂಬುದೂ ಆ ಹಲಗೆಯ ಮೇಲೆ ಇರಬೇಕು.

ಅದೇ ಕಾರಣಕ್ಕೆ, ಸೀಮೆಎಣ್ಣೆಗೆ ಮರಳೋಣವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅಡುಗೆಮನೆಯಲ್ಲಿ ಸೀಮೆಎಣ್ಣೆ ಉರಿಸುವುದನ್ನು ಪ್ರೋತ್ಸಾಹಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಹೇಳಿದೆ. ಪಡಿತರದ ನೀಲಿ ಎಣ್ಣೆಯ ದರದ ಮೇಲಿನ ಕೇಂದ್ರದ ಸಹಾಯಧನ 2016ರಿಂದ ಸ್ವಲ್ಪಸ್ವಲ್ಪವಾಗಿ ಇಳಿದು 2020ರ ಮಾರ್ಚ್ ಹೊತ್ತಿಗೆ ಇಲ್ಲವಾಯಿತು. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲ ಸಿಲಿಂಡರು ಘಟ್ಟದ ಹಳ್ಳಿಗಳಿಗೂ ಬಂದಿದೆ, ಬರಲಿ. ನನ್ನ ಚಿಂತೆ ಇರುವುದು ಬೇರೆ ಕಡೆ. ಒಂದು ಸಾಧನ ಊರಿಗೆ ಬರುವಾಗ ಅದನ್ನು ಸರಿಪಡಿಸುವವನೂ ಜೊತೆಗೆ ಬರುತ್ತಾನೆಯೇ?

ನಮ್ಮ ಚಳವಳಿಯ ಅನುಭವವೇ ಇದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಅಪ್ಪಿಕೋ ‘ಉಳಿಸು, ಬೆಳೆಸು, ಬಳಸು’ ಎಂದಿತು. ಕೊನೆಯ ಪದದ ಭಾಗವಾಗಿ ಕಟ್ಟಿಗೆ ಉಳಿಸುವ ಒಲೆಗಳನ್ನು ಹಳ್ಳಿಗಳಲ್ಲಿ ಹಾಕಿಸುವ ಕೆಲಸ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ನಿಜಕ್ಕೂ ಉತ್ತಮ ಒಲೆಯಾಗಿತ್ತು. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹೆಚ್ಚಿನ ಪಾಲು ಪಾತ್ರೆಯನ್ನು ತಲುಪದೆ ವ್ಯರ್ಥವಾಗುತ್ತಿದ್ದರೆ, ಇದು ಅದೇ ಕಟ್ಟಿಗೆಯಿಂದ ಮೂರು ಪಾತ್ರೆ ಕಾಯಿಸಿ ಹೊಗೆಯನ್ನು ಹೊರಗಟ್ಟುತ್ತಿತ್ತು. ಆದರೆ ನಾನು ಕಂಡ ಎಷ್ಟೋ ಮನೆಗಳಲ್ಲಿ ಕೊಳವೆ ಮಸಿ ಕಟ್ಟಿ ಮುಚ್ಚಿ, ಒಲೆಯ ಬಾಯಿ ಒಡೆದು, ಮನೆಯವರು ಪಕ್ಕದಲ್ಲೇ ಮತ್ತೆ ಮೂರು ಕಲ್ಲು ಹೂಡಿದ್ದರು. ಕಟ್ಟಿಕೊಟ್ಟವರು ಮುಂದಿನ ಊರಿಗೆ ಹೋಗಿದ್ದರು. ವಿದೇಶದಿಂದ ಬಂದ ಪ್ರೈಮಸ್ಸಿನ ನಕಲು ಮಾತ್ರ ನಮ್ಮಲ್ಲಿ ತಲೆಮಾರುಗಳ ಕಾಲ ಉಳಿಯಿತು. ಅದರ ಪಿನ್ನು ಗೂಡಂಗಡಿಯಲ್ಲಿತ್ತು, ಅದರ ವಾಷರ್ ಸಂತೆಯಲ್ಲಿತ್ತು, ‘ಸ್ಟೋವ್ ರಿಪೇರೀ’ ಎಂದು ಕೂಗುತ್ತ ಬರುವವನು ಓಣಿಯಲ್ಲಿದ್ದ. ನಮ್ಮವರು ಒಲೆಯ ವಿನ್ಯಾಸಕ್ಕೆ ಕೊಟ್ಟ ಗಮನದ ಕಾಲು ಭಾಗವನ್ನು ಈ ಮೂರಕ್ಕೆ ಕೊಟ್ಟಿದ್ದರೆ ಎಂದು ಅನೇಕ ಸಲ ಅನ್ನಿಸಿದೆ. ಇದನ್ನು ಹೇಳುವಾಗ ನಾನೂ ಆ ‘ನಮ್ಮವರ’ ಗುಂಪಿಗೇ ಸೇರಿದವನೆಂಬುದನ್ನು ಮರೆತಿಲ್ಲ.

ಚಾರಣಕ್ಕೆ ಹೋಗುವ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಹಳೆಯ ಹಿತ್ತಾಳೆ ಒಲೆಯನ್ನು ಸರಿಪಡಿಸಿಕೊಂಡು ಗುಡ್ಡಕ್ಕೆ ಒಯ್ಯಬಹುದೇ? ಒಮ್ಮೆ ಬಳಸಿ ಎಸೆಯುವ ಗ್ಯಾಸ್ ಡಬ್ಬಿಗಿಂತ ಅದು ಮೇಲಲ್ಲವೇ? ಪ್ರಶ್ನೆಯ ಎರಡನೆಯ ಭಾಗಕ್ಕೆ ಹೌದೆನ್ನುತ್ತೇನೆ. ತೂತು ಮಾಡದೆ ಎಸೆದ ಆ ಡಬ್ಬಿಗಳನ್ನು ಹುಲ್ಲುಗಾವಲಿನ ಅಂಚಿನಿಂದ ನಾನೇ ಹೆಕ್ಕಿ ತಂದಿದ್ದೇನೆ. ಅವನ್ನು ಮರಳಿ ತುಂಬುವಂತಿಲ್ಲ, ಗುಜರಿಯವನೂ ಮುಟ್ಟಲು ಹೆದರುತ್ತಾನೆ. ಆದರೆ ಮೊದಲ ಭಾಗಕ್ಕೆ ಬೇಡವೆಂದೇ ಉತ್ತರ. ಅಭಯಾರಣ್ಯದೊಳಗೆ ಕಾಡಿಗೆ ಅಪಾಯವಾಗುವಂತೆ ಬೆಂಕಿ ಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಾಘ ಕಳೆದ ಮೇಲೆ ನಮ್ಮ ಶೋಲೆಗಳ ನೆತ್ತಿಯ ಹುಲ್ಲು ಎಷ್ಟು ಒಣಗಿರುತ್ತದೆಂದರೆ, ಅಲ್ಲಿ ಒಲೆ ಕೆಮ್ಮಿ ಒಂದು ಮೊಳದ ಉರಿ ಎತ್ತಿದರೆ ಮುಂದಿನದು ಗಾಳಿಯ ಕೈಯಲ್ಲಿರುತ್ತದೆ. ಒಂದು ದಿನದ ಚಾರಣಕ್ಕೆ ಅವಲಕ್ಕಿ, ಬೆಲ್ಲ ಸಾಕು. ರಾತ್ರಿ ತಂಗುವಿರಾದರೆ ಬುಡದ ಹಳ್ಳಿಯಲ್ಲಿ ತಂಗಿ, ಅಲ್ಲಿನ ಮನೆಯವರಿಗೆ ಹಣ ಕೊಟ್ಟು ಊಟ ಮಾಡಿ. ಒಲೆಯನ್ನು ನಿಮ್ಮ ಕಾಲೇಜಿನ ಅಂಗಳದಲ್ಲಿ ಬಿಚ್ಚಿ ಜೋಡಿಸಿ ಕಲಿಯಿರಿ.

ಸರ್ಕಾರ ದುರಸ್ತಿಯ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಒಂದು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ತೆರೆಯಿತು. ಕೃಷಿ ಸಲಕರಣೆಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಹಕ್ಕು ಕಾಗದದ ಮೇಲೆ ಸಿಕ್ಕ ದಿನ ಅದನ್ನು ಚಲಾಯಿಸಬಲ್ಲ ಕೈ ಊರಿನಲ್ಲಿ ಇರಬೇಕಲ್ಲ. ನಮ್ಮ ಬಳಗದ ಮುಂದೆ ನನ್ನ ಸಲಹೆ ಇಷ್ಟೇ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಿನಲ್ಲಿ, ಒಂದು ಭಾನುವಾರ ಯಾವುದಾದರೂ ಶಾಲೆಯ ಕಟ್ಟೆಯ ಮೇಲೆ ಹಳೆಯ ಸಿಂಪಡಣಾ ಪಂಪು, ಸ್ಟೋವು, ಲಾಟೀನುಗಳನ್ನು ತರಿಸೋಣ. ವಾಷರ್ ಕತ್ತರಿಸುವುದು, ವಾಲ್ವ್ ಬಿಚ್ಚುವುದು, ನೀರಿನಲ್ಲಿ ಪರೀಕ್ಷಿಸುವುದು, ಈ ಮೂರನ್ನು ಹುಡುಗರೂ ಹುಡುಗಿಯರೂ ಕೈಯಾರೆ ಮಾಡಲಿ. ತಂದ ಪ್ರತಿಯೊಂದು ಒಲೆಗೂ ಒಂದು ಚೀಟಿ ಕಟ್ಟೋಣ. ಯಾರ ಮನೆಯದು, ಯಾವ ವರ್ಷದವರೆಗೆ ಉರಿಯಿತು, ಅದರ ಮುಂದೆ ಕುಳಿತು ಅಡುಗೆ ಮಾಡುತ್ತಿದ್ದವರು ಯಾರು, ಅವರಿಗೇನಾದರೂ ಸುಟ್ಟ ಗಾಯವಾಗಿತ್ತೇ ಎಂಬುದನ್ನು ಆ ಮನೆಯ ಹೆಂಗಸರನ್ನೇ ಕೇಳಿ ಬರೆಯೋಣ. ಈ ಕೊನೆಯ ಪ್ರಶ್ನೆ ಬೇಡವೆಂದು ಬಳಗದ ಇಬ್ಬರು ಗೆಳೆಯರು ಈಗಾಗಲೇ ಹೇಳಿದ್ದಾರೆ, ಜನ ಬೇಸರಪಟ್ಟುಕೊಂಡಾರು ಎಂದು. ಅದನ್ನು ಬಿಟ್ಟರೆ ನಾನು ಆ ಕೆಲಸಕ್ಕೆ ಬರುವುದಿಲ್ಲವೆಂದು ಅವರಿಗೆ ತಿಳಿಸಿದ್ದೇನೆ.

ಕಾಕಾ ಅವರಿಗೆ ಎಪ್ಪತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೆ ಈ ಒಲೆಗಳು ಬೇಡ. ಎಂಟು ದಿನ ಬಂದು ಕುಳಿತು ಕಲಿಯುವವರು ಇಬ್ಬರು ಸಿಕ್ಕರೆ ಸಾಕು, ಊಟ, ವಸತಿ ತಮ್ಮ ಮನೆಯಲ್ಲೇ ಎಂದಿದ್ದಾರೆ. ಅಚ್ಚು, ವಾಲ್ವ್ ಬಿಚ್ಚುವ ಉದ್ದನೆಯ ಕೀಲಿ, ಸೀಸದ ತಗಡು ಅವರಲ್ಲಿವೆ. ಬರುವವರು ತಮ್ಮ ಮನೆಯ ಕೆಟ್ಟ ಒಲೆಯನ್ನೋ ಪಂಪನ್ನೋ ತರಬೇಕು, ಖಾಲಿ ಕೈಯಲ್ಲಿ ಬರಬಾರದು. ಕಾಕುವಿನ ಷರತ್ತು ಒಂದೇ, ಹೊತ್ತಿಸುವುದೇನಿದ್ದರೂ ತಾರಸಿಯ ಮೇಲೆ. ಆಸಕ್ತರು ಬಳಗದ ಕಚೇರಿಯಲ್ಲಿ ಹೆಸರು ಬರೆಯಿಸಬಹುದು.